ಕಪಾಟಿನಲ್ಲಿ ಉಳಿದ ಗಾಜು

ನಮ್ಮ ಪ್ರಯೋಗಾಲಯದ ಕೊನೆಯ ಕೋಣೆಯ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದೇವೆ. ಒಳಗೆ ಒಂದು ಸೂಕ್ಷ್ಮದರ್ಶಕ, ತಾಮ್ರದ ಸುರುಳಿ ಸುತ್ತಿದ ಒಂದು ವಿದ್ಯುತ್ಕಾಂತ, ಅದರ ನಡುವೆ ಉಗುರಿನಷ್ಟು ಅಗಲದ ಒಂದು ಚೂರು. ಚೂರಿನ ಮೇಲೆ ಕೋಬಾಲ್ಟ್ ಮತ್ತು ಪ್ಲಾಟಿನಮ್ಮಿನ ಕೆಲವೇ ನ್ಯಾನೊಮೀಟರ್ ದಪ್ಪದ ಪದರಗಳಿವೆ. ಬರಿಗಣ್ಣಿಗೆ ಅದೊಂದು ಕನ್ನಡಿ. ಕಂಪ್ಯೂಟರ್ ಪರದೆಯ ಮೇಲೂ ಮೊದಲಿಗೆ ಬರೀ ಬೂದು ಬಣ್ಣ. ಕಾಂತದ ಗುಂಡಿಯನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಯಾವುದೋ ಒಂದು ಗಳಿಗೆಯಲ್ಲಿ ಆ ಬೂದು ಒಡೆದು, ಕಪ್ಪು ಬಿಳುಪಿನ ಪಟ್ಟೆಗಳು ಹಾವು ಹರಿದ ಹಾಗೆ ಹರಡಿಕೊಳ್ಳುತ್ತವೆ. ಬಿಳಿ ಇದ್ದಲ್ಲಿ ಲೋಹದ ಕಾಂತತ್ವ ಮೇಲ್ಮುಖ, ಕಪ್ಪು ಇದ್ದಲ್ಲಿ ಕೆಳಮುಖ. ಕಾಂತದ ಒಳಗಿನ ಈ ಓಣಿಗಳಿಗೆ ಡೊಮೇನ್ ಎಂದು ಹೆಸರು.

ಇದನ್ನು ಮೊದಲ ಸಲ ಕಾಣಲು ನನಗೆ ಏಳು ತಿಂಗಳು ಹಿಡಿಯಿತು. ಅಷ್ಟು ದಿನವೂ ಬೂದು ಪರದೆ. ಪದರಗಳು ಸರಿಯಾಗಿ ಕೂತಿರಲಿಲ್ಲವೋ, ಬೆಳಕು ಸರಿಯಾಗಿ ಬೀಳುತ್ತಿರಲಿಲ್ಲವೋ, ಎರಡೂ ಇದ್ದವೋ. ಊರಿಗೆ ಹೋದಾಗ ಅಪ್ಪ ಕೇಳುತ್ತಿದ್ದ "ಎಲ್ಲಿಗೆ ಬಂತು?" ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೈಗೆ ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಹಳೆಯ ಪ್ರಬಂಧಗಳನ್ನು ಹುಡುಕಿ ಓದತೊಡಗಿದೆ. ಕಾಂತವನ್ನು ಬೆಳಕಿನಿಂದ ನೋಡಬಹುದು ಎಂದು ಮೊದಲು ಯಾರಿಗೆ ಹೊಳೆಯಿತು, ಅವರಿಗೆ ಎಷ್ಟು ದಿನ ಹಿಡಿಯಿತು ಎಂಬ ಕುತೂಹಲ. ಸಿಕ್ಕ ಉತ್ತರ ಸಮಾಧಾನದ್ದಾಗಿತ್ತು: ಮೈಕೇಲ್ ಫ್ಯಾರಡೆಗೆ 23 ವರ್ಷ ಹಿಡಿದಿತ್ತು.

ಕತೆಗೆ ಮುಂಚೆ ಬೆಳಕಿನ ಒಂದು ಗುಣವನ್ನು ಹೇಳಿಬಿಡಬೇಕು. ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಅಲುಗಿಸಿದರೆ ಅಲೆ ಮುಂದಕ್ಕೆ ಓಡುತ್ತದೆ. ಕೈಯನ್ನು ಮೇಲೆ ಕೆಳಗೆ ಆಡಿಸಬಹುದು, ಅಡ್ಡಡ್ಡಲಾಗಿಯೂ ಆಡಿಸಬಹುದು, ಬೀಸುವ ಕಲ್ಲು ತಿರುಗಿಸಿದಂತೆ ದುಂಡಗೂ ತಿರುಗಿಸಬಹುದು. ಅಲೆ ಓಡುವ ದಿಕ್ಕು ಒಂದೇ, ಹಗ್ಗ ಅಲುಗುವ ಬಗೆ ಬೇರೆ ಬೇರೆ. ಬೆಳಕಿನಲ್ಲಿ ಈ ಅಲುಗುವ ಬಗೆಯೇ ಧ್ರುವೀಕರಣ. ಸೂರ್ಯನ ಬೆಳಕಿನಲ್ಲಿ ಎಲ್ಲ ಬಗೆಗಳೂ ಬೆರೆತಿರುತ್ತವೆ. ಒಂದೇ ಬಗೆಯದನ್ನು ಸೋಸಿ ತೆಗೆದರೆ ಅದು ಧ್ರುವೀಕೃತ ಬೆಳಕು. ನಮ್ಮ ಕಣ್ಣಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. 1808ರಲ್ಲಿ ಪ್ಯಾರಿಸ್ಸಿನ ಎಟಿಯೆನ್ ಮಾಲ್ಯುಸ್, ಲಕ್ಸೆಂಬರ್ಗ್ ಅರಮನೆಯ ಕಿಟಕಿ ಗಾಜುಗಳಲ್ಲಿ ಹೊಳೆಯುತ್ತಿದ್ದ ಸಂಜೆ ಸೂರ್ಯನನ್ನು ಐಸ್‌ಲ್ಯಾಂಡಿನ ಹರಳೊಂದರ ಮೂಲಕ ನೋಡಿದ. ಆ ಹರಳಿನಲ್ಲಿ ಯಾವ ವಸ್ತುವೂ ಎರಡಾಗಿ ಕಾಣುತ್ತದೆ. ಹರಳನ್ನು ತಿರುಗಿಸಿದಂತೆ ಎರಡು ಬಿಂಬಗಳಲ್ಲಿ ಒಂದು ಮಂಕಾಗಿ, ಇನ್ನೊಂದು ಬೆಳಗುವುದನ್ನು ಕಂಡ. ಗಾಜಿಗೆ ಬಡಿದು ಬಂದ ಬೆಳಕು ಹೋದಾಗಿನ ಬೆಳಕಾಗಿರಲಿಲ್ಲ, ಅದರ ಅಲುಗಾಟ ಒಂದು ದಿಕ್ಕಿಗೆ ಒಲಿದಿತ್ತು.

ಫ್ಯಾರಡೆ ಈ ಬೆಳಕನ್ನು ಹಿಡಿದು ಮೊದಲ ಪ್ರಯೋಗ ಮಾಡಿದ್ದು 1822ರಲ್ಲಿ. ವಿದ್ಯುತ್ತು ಹರಿಯುತ್ತಿರುವ ದ್ರಾವಣದ ಮೂಲಕ ಧ್ರುವೀಕೃತ ಬೆಳಕನ್ನು ಹಾಯಿಸಿ, ಏನಾದರೂ ಬದಲಾಗುತ್ತದೆಯೇ ಎಂದು ನೋಡಿದ. ಏನೂ ಇಲ್ಲ. 1834ರಲ್ಲಿ ಮತ್ತೆ ನೋಡಿದ. ಆಗಲೂ ಇಲ್ಲ. ಪ್ರಕೃತಿಯ ಶಕ್ತಿಗಳೆಲ್ಲ ಒಳಗೊಳಗೇ ನೆಂಟರು ಎಂಬ ನಂಬಿಕೆ ಅವನದು. ಆದರೆ ನಂಬಿಕೆಗೆ ಪುರಾವೆ ಸಿಗಲಿಲ್ಲ.

ಈ ಸೋಲುಗಳ ನಡುವೆ ಇನ್ನೊಂದು ಸೋಲೂ ಇದೆ. ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಮುಖ್ಯವಾಗಿ ಕಾಣುವುದು ಅದೇ. 1820ರ ದಶಕದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ದೂರದರ್ಶಕದ ಮಸೂರಗಳಿಗೆ ಒಳ್ಳೆಯ ಗಾಜು ಬೇಕಾಗಿತ್ತು. ಗಾಜು ಕಾಯಿಸಿ ಕರಗಿಸುವ ಹೊಣೆ ಫ್ಯಾರಡೆಯ ಹೆಗಲಿಗೆ ಬಿತ್ತು. ಸೀಸ, ಬೋರಾನ್, ಮರಳಿನ ಸಾರ ಕೂಡಿಸಿ ವರ್ಷಗಟ್ಟಲೆ ಕುಲುಮೆಯ ಮುಂದೆ ಬೆಂದ. ಕುಲುಮೆ ನೋಡಿಕೊಳ್ಳಲು 1827ರಲ್ಲಿ ಚಾರ್ಲ್ಸ್ ಆಂಡರ್ಸನ್ ಎಂಬ ಸೇನೆಯ ಮಾಜಿ ಸಾರ್ಜೆಂಟನನ್ನು ನೇಮಿಸಿಕೊಂಡ. ತೂಕದ, ಸಾಂದ್ರವಾದ ಗಾಜೇನೋ ತಯಾರಾಯಿತು, ದೂರದರ್ಶಕಗಳ ಕಷ್ಟ ಮಾತ್ರ ಅದರಿಂದ ಪರಿಹಾರವಾಗಲಿಲ್ಲ. ಫ್ಯಾರಡೆ ಬೇಸತ್ತು ಆ ಕೆಲಸ ಬಿಟ್ಟ. ಗಾಜಿನ ತುಂಡುಗಳು ಕಪಾಟು ಸೇರಿದವು. ಆಂಡರ್ಸನ್ ಮಾತ್ರ ಸಹಾಯಕನಾಗಿ ಉಳಿದುಕೊಂಡ, ತನ್ನ ಕೊನೆಯ ತನಕ.

1845ರ ಆಗಸ್ಟಿನಲ್ಲಿ ವಿಲಿಯಂ ಥಾಮ್ಸನ್ ಎಂಬ 21 ವರ್ಷದ ಹುಡುಗ ಫ್ಯಾರಡೆಗೆ ಒಂದು ಪತ್ರ ಬರೆದ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು ಇವನೇ. ಪಾರದರ್ಶಕ ವಸ್ತುಗಳಿಗೆ ವಿದ್ಯುತ್ತಿನ ಒತ್ತಡ ಕೊಟ್ಟರೆ ಧ್ರುವೀಕೃತ ಬೆಳಕಿನ ಮೇಲೆ ಪರಿಣಾಮ ಕಾಣಬಹುದೇ ಎಂಬ ಅರ್ಥದ ಪ್ರಶ್ನೆ ಅದರಲ್ಲಿತ್ತು. ಫ್ಯಾರಡೆಗೆ ಆಗ 53 ವರ್ಷ. ಹುಡುಗನ ಪ್ರಶ್ನೆ ಹಳೆಯ ಆಸೆಯನ್ನು ಕೆದಕಿತು. ದ್ರಾವಣಗಳನ್ನು ಮತ್ತೆ ಹಿಡಿದ, ಏನೂ ಸಿಗಲಿಲ್ಲ. ಗಾಜಿಗೆ ವಿದ್ಯುತ್ತಿನ ಒತ್ತಡ ಕೊಟ್ಟ, ಆಗಲೂ ಸಿಗಲಿಲ್ಲ. ವಿದ್ಯುತ್ತನ್ನು ಬಿಟ್ಟು ಕಾಂತಕ್ಕೆ ಬಂದ.

ಸೆಪ್ಟೆಂಬರ್ 13. ಎಣ್ಣೆಯ ದೀಪ. ಗಾಜಿನ ಮೈಗೆ ಬಡಿದು ಧ್ರುವೀಕೃತವಾದ ಬೆಳಕು. ನೋಡುವ ಕಡೆ ನಿಕೋಲ್ ಹರಳಿನ ಕಣ್ಣುಸೋಸು, ದೀಪದ ಬಿಂಬ ಪೂರ್ತಿ ನಂದುವಂತೆ ತಿರುಗಿಸಿಟ್ಟದ್ದು. ನಡುವೆ ವಿದ್ಯುತ್ಕಾಂತದ ಪಕ್ಕದಲ್ಲಿ ಒಂದೊಂದೇ ವಸ್ತುವನ್ನು ಇಟ್ಟು ನೋಡುತ್ತ ಹೋದ. ಗಾಳಿ, ಬೇರೆ ಬೇರೆ ಗಾಜು, ಹರಳು, ಎಲ್ಲದರಲ್ಲೂ ಕತ್ತಲೆ ಕತ್ತಲೆಯಾಗಿಯೇ ಉಳಿಯಿತು. ಆಗ ಕಪಾಟಿನಿಂದ ಆ ಹಳೆಯ ಸೀಸದ ಗಾಜು ಹೊರಬಂತು. ಕಾಂತಕ್ಕೆ ವಿದ್ಯುತ್ತು ಹರಿಸಿದ ಕೂಡಲೇ ನಂದಿದ್ದ ದೀಪದ ಬಿಂಬ ಮತ್ತೆ ಕಂಡಿತು. ವಿದ್ಯುತ್ತು ನಿಲ್ಲಿಸಿದರೆ ಮಾಯ. ಕಾಂತವು ಬೆಳಕಿನ ಅಲುಗಾಟದ ದಿಕ್ಕನ್ನೇ ಸ್ವಲ್ಪ ತಿರುವಿತ್ತು. ಇದೇ ಫ್ಯಾರಡೆ ಪರಿಣಾಮ. ಯಾವ ಗಾಜಿನಿಂದ ದೂರದರ್ಶಕ ಆಗಲಿಲ್ಲವೋ ಅದೇ ಗಾಜಿನಲ್ಲಿ ಬೆಳಕಿಗೂ ಕಾಂತಕ್ಕೂ ಇರುವ ನೆಂಟಸ್ತಿಕೆ ಮೊದಲ ಸಲ ಕಂಡಿತು.

ಯಾಕೆ ಹೀಗಾಗುತ್ತದೆ? ನೇರವಾಗಿ ಅಲುಗುವ ಬೆಳಕನ್ನು ಬಲಕ್ಕೆ ತಿರುಗುವ ಒಂದು ಅಲೆ, ಎಡಕ್ಕೆ ತಿರುಗುವ ಇನ್ನೊಂದು ಅಲೆ ಎಂದು ಎರಡಾಗಿ ಬಿಡಿಸಬಹುದು. ಕಾಂತಕ್ಕೆ ಎಡ ಬಲಗಳ ಭೇದ ಗೊತ್ತು. ಅದರ ಒಳಗೆ ಒಂದು ಅಲೆ ಸ್ವಲ್ಪ ಮುಂದಾಗುತ್ತದೆ, ಇನ್ನೊಂದು ಸ್ವಲ್ಪ ಹಿಂದಾಗುತ್ತದೆ. ಹೊರಗೆ ಬಂದು ಎರಡೂ ಮತ್ತೆ ಕೂಡಿದಾಗ ಅಲುಗಾಟದ ಗೆರೆ ಓರೆಯಾಗಿರುತ್ತದೆ. ಮುಂದಿನ ಇಡೀ ಕತೆ ಈ ಎಡ ಬಲಗಳ ಕತೆ.

ಥಾಮ್ಸನ್ ಮರುವರ್ಷವೇ ಗ್ಲಾಸ್ಗೊದಲ್ಲಿ ಪ್ರಾಧ್ಯಾಪಕನಾದ. ಅವನ ಶಿಷ್ಯರಲ್ಲಿ ಒಬ್ಬ ಜಾನ್ ಕೆರ್. ಗುರು ಶಿಷ್ಯರು ಒಂದೇ ವರ್ಷ ಹುಟ್ಟಿದವರು, 1824ರಲ್ಲಿ. ಕೆರ್ ಪಾದ್ರಿಯಾಗಲು ಓದಿ, ಕೊನೆಗೆ ಗ್ಲಾಸ್ಗೊದ ಶಿಕ್ಷಕರ ತರಬೇತಿ ಕಾಲೇಜೊಂದರಲ್ಲಿ ಗಣಿತದ ಮೇಷ್ಟರಾದ. ಬಿಡುವಿನಲ್ಲಿ ತನ್ನದೇ ಸಣ್ಣ ಪ್ರಯೋಗಾಲಯದಲ್ಲಿ ಕೆಲಸ. ಫ್ಯಾರಡೆಗೆ ಎಷ್ಟು ಹುಡುಕಿದರೂ ಸಿಗದ ವಿದ್ಯುತ್ತಿನ ಪರಿಣಾಮವನ್ನು 1875ರಲ್ಲಿ ಗಾಜಿನಲ್ಲಿ ಕಂಡವನು ಈ ಮೇಷ್ಟರು. ಅದರ ಮರುವರ್ಷ ಇನ್ನೊಂದು ಪ್ರಶ್ನೆ ಎತ್ತಿಕೊಂಡ. ಗಾಜಿನ ಒಳಗೆ ಹಾದುಹೋಗುವ ಬೆಳಕು ತಿರುಗುವುದಾದರೆ, ಬೆಳಕನ್ನು ಒಳಗೆ ಬಿಡದ ಕಬ್ಬಿಣಕ್ಕೆ ಬಡಿದು ಬರುವ ಬೆಳಕು ಏನಾಗುತ್ತದೆ? ವಿದ್ಯುತ್ಕಾಂತದ ಕಬ್ಬಿಣದ ತುದಿಯನ್ನೇ ಕನ್ನಡಿಯಂತೆ ಉಜ್ಜಿ ಹೊಳಪು ಕೊಟ್ಟು, ಅದಕ್ಕೆ ಬೆಳಕು ಬಿಟ್ಟು ನೋಡಿದ. ತಿರುಗಿತ್ತು. ಒಂದು ಡಿಗ್ರಿಯ ಸಣ್ಣ ಭಾಗದಷ್ಟು ಮಾತ್ರ, ಆದರೂ ತಿರುಗಿತ್ತು. 1877ರಲ್ಲಿ ಪ್ರಬಂಧ ಅಚ್ಚಾಯಿತು.

ನಮ್ಮ ಕತ್ತಲೆ ಕೋಣೆಯ ಯಂತ್ರದ ಹೆಸರು ಕೆರ್ ಸೂಕ್ಷ್ಮದರ್ಶಕ. ಪರದೆಯ ಮೇಲೆ ಹರಿಯುವ ಹಾವುಗಳೆಲ್ಲ ಆ ಮೇಷ್ಟರು ಉಜ್ಜಿದ ಕಬ್ಬಿಣದಿಂದ ಹೊರಟವು.

ಆದರೆ ಕೆರ್ ಬದುಕಿದ್ದಾಗ ಇದರಿಂದ ಏನು ಉಪಯೋಗ ಎಂದು ಯಾರಿಗೂ ತಿಳಿದಿರಲಿಲ್ಲ. ಡೊಮೇನ್‌ಗಳ ಕಲ್ಪನೆಯೇ ಅವನು ತೀರಿಕೊಂಡ ವರ್ಷ, 1907ರಲ್ಲಿ, ಪಿಯರ್ ವೈಸ್ ಎಂಬ ಫ್ರೆಂಚ್ ವಿಜ್ಞಾನಿಯಿಂದ ಬಂತು. ಲೈಡನ್ನಿನಲ್ಲಿ ಪೀಟರ್ ಜೇಮಾನ್ ಎಂಬ ವಿದ್ಯಾರ್ಥಿ ಕೆರ್ ಪರಿಣಾಮವನ್ನೇ ಅಳೆದು 1893ರಲ್ಲಿ ಡಾಕ್ಟರೇಟ್ ಪಡೆದ. ಕಾಂತವು ಜ್ವಾಲೆಯ ಬಣ್ಣದ ಗೆರೆಗಳನ್ನು ಬದಲಿಸುತ್ತದೆಯೇ ಎಂದು 1862ರಲ್ಲಿ ಮುದುಕ ಫ್ಯಾರಡೆ ನೋಡಿ ಕೈಚೆಲ್ಲಿದ್ದ. ಜೇಮಾನ್ ಅದನ್ನು ಓದಿ, ಫ್ಯಾರಡೆಯೇ ಯೋಗ್ಯವೆಂದು ಎಣಿಸಿದ ಪ್ರಯೋಗವನ್ನು ಒಳ್ಳೆಯ ಉಪಕರಣದಿಂದ ಮತ್ತೊಮ್ಮೆ ಮಾಡಬಹುದೆಂದುಕೊಂಡ. 1896ರಲ್ಲಿ ಅವನಿಗೆ ಅದು ಕಂಡಿತು, 1902ರಲ್ಲಿ ನೊಬೆಲ್ ಬಂತು. ಒಬ್ಬರ ಸೋಲಿನ ಟಿಪ್ಪಣಿಯಿಂದ ಇನ್ನೊಬ್ಬರ ಕೆಲಸ ಶುರುವಾಗುವುದು ಈ ಇತಿಹಾಸದಲ್ಲಿ ಪದೇ ಪದೇ ಕಾಣುತ್ತದೆ.

ಇಲ್ಲಿಯವರೆಗಿನ ಮಂದಿ ಕಾಂತವು ಬೆಳಕಿಗೆ ಏನು ಮಾಡುತ್ತದೆ ಎಂದು ನೋಡಿದವರು. ಬೆಳಕಿನ ಧ್ರುವೀಕರಣವನ್ನು ನಮಗೆ ಬೇಕಾದಂತೆ ತಿದ್ದಿ, ತಿರುವಿ, ಕಾಂತದ ಮುಂದೆ ಇಡುವುದು ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಆ ದಾರಿಯ ಒಂದು ದೊಡ್ಡ ತಿರುವು ಬೆಂಗಳೂರಿನಲ್ಲಿದೆ.

ಇಲ್ಲಿ ಸಿ. ವಿ. ರಾಮನ್ನರ ಸುತ್ತ ಬೆಳಕು ಮತ್ತು ಹರಳುಗಳ ಅಧ್ಯಯನದ ಒಂದು ಪರಂಪರೆಯೇ ಬೆಳೆದಿತ್ತು. ಎಸ್. ರಾಮಶೇಷನ್ 1946ರಷ್ಟು ಹಿಂದೆಯೇ ವಜ್ರದಲ್ಲಿ ಫ್ಯಾರಡೆ ಪರಿಣಾಮವನ್ನು ಕುರಿತು ಪ್ರಬಂಧ ಬರೆದಿದ್ದರು. ಮೇಖ್ರಿ ವೃತ್ತದ ಬಳಿ ರಾಮನ್ ಸಂಶೋಧನಾ ಸಂಸ್ಥೆ ಶುರುವಾದ ಕೆಲವು ವರ್ಷಗಳಲ್ಲಿ ರಾಮನ್ನರ ಸೋದರಳಿಯ ಶಿವರಾಮಕೃಷ್ಣನ್ ಪಂಚರತ್ನಂ ಅಲ್ಲಿಗೆ ಬಂದರು. ಅವರು ಹಿಡಿದದ್ದು ಅಯೋಲೈಟ್ ಎಂಬ ನೇರಳೆ ಹರಳು. ಧ್ರುವೀಕೃತ ಬೆಳಕು ಅದರ ಒಳಗೆ ಹಾದು ಬಂದಾಗ ಮೂಡುವ ಚಿತ್ತಾರಗಳನ್ನು ಅರ್ಥ ಮಾಡಿಕೊಳ್ಳುವುದು ಅವರ ಕೆಲಸ. ಆ ಕಾಲದ ಭೌತವಿಜ್ಞಾನದ ಮುಂಚೂಣಿಯಿಂದ ನೋಡಿದರೆ ಇದು ಮೂಲೆಯ ವಿಷಯ. ಜಗತ್ತು ಅಣು ಸ್ಥಾವರಗಳ ಬಗ್ಗೆ ಮಾತಾಡುತ್ತಿತ್ತು.

ಹರಳಿನ ಚಿತ್ತಾರ ಅವರನ್ನು ಒಂದು ಸರಳ ಪ್ರಶ್ನೆಗೆ ತಂದು ನಿಲ್ಲಿಸಿತು. ಬೇರೆ ಬೇರೆ ಬಗೆಯಲ್ಲಿ ಅಲುಗುವ ಎರಡು ಬೆಳಕುಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಿವೆ ಎಂದು ಯಾವಾಗ ಹೇಳಬಹುದು? ಎರಡನ್ನೂ ಕೂಡಿಸಿದಾಗ ಹೊಳಪು ಅತಿ ಹೆಚ್ಚಾಗಿದ್ದರೆ ಹೆಜ್ಜೆ ಕೂಡಿದೆ ಎನ್ನೋಣ ಎಂದರು ಪಂಚರತ್ನಂ. ಈ ಲೆಕ್ಕ ಹಿಡಿದು ಹೊರಟಾಗ ವಿಚಿತ್ರವೊಂದು ಕಂಡಿತು. ಮೊದಲನೆಯದು ಎರಡನೆಯದರ ಜೊತೆ ಹೆಜ್ಜೆ ಕೂಡಿಸಿದೆ, ಎರಡನೆಯದು ಮೂರನೆಯದರ ಜೊತೆ ಕೂಡಿಸಿದೆ, ಆದರೂ ಮೊದಲನೆಯದಕ್ಕೂ ಮೂರನೆಯದಕ್ಕೂ ಹೆಜ್ಜೆ ಕೂಡಬೇಕೆಂದಿಲ್ಲ. ಗೆಳೆಯನ ಗೆಳೆಯ ನಮಗೂ ಗೆಳೆಯನಾಗಲೇಬೇಕಿಲ್ಲವಲ್ಲ, ಹಾಗೆ.

ಎಲ್ಲ ಬಗೆಯ ಧ್ರುವೀಕರಣಗಳನ್ನೂ ಒಂದು ಗೋಳದ ಮೇಲೆ ಗುರುತಿಸುವ ಉಪಾಯವನ್ನು ಹಿಂದೆಯೇ ಪ್ವಾಂಕರೆ ಹಾಕಿಕೊಟ್ಟಿದ್ದ. ಭೂಗೋಳವನ್ನು ನೆನೆಸಿಕೊಳ್ಳಿ: ಸಮಭಾಜಕದ ಮೇಲೆ ನೇರ ಅಲುಗಾಟಗಳು, ಒಂದು ಧ್ರುವದಲ್ಲಿ ಬಲಸುತ್ತು, ಇನ್ನೊಂದರಲ್ಲಿ ಎಡಸುತ್ತು. ಬೆಳಕಿನ ಧ್ರುವೀಕರಣವನ್ನು ಬದಲಿಸುತ್ತ ಹೋಗಿ ಮೊದಲಿನ ಸ್ಥಿತಿಗೇ ತಂದರೆ ಗೋಳದ ಮೇಲೆ ಒಂದು ಪ್ರದಕ್ಷಿಣೆಯಾಯಿತು. ಹೊರಟ ಜಾಗಕ್ಕೇ ಬಂದರೂ ಬೆಳಕಿನ ಹೆಜ್ಜೆ ಮಾತ್ರ ಸ್ವಲ್ಪ ಸರಿದಿರುತ್ತದೆ. ಎಷ್ಟು ಸರಿದಿದೆ ಎಂಬುದು ಪ್ರದಕ್ಷಿಣೆಯ ಒಳಗೆ ಸಿಕ್ಕ ಜಾಗದ ಅಳತೆಯನ್ನು ಅವಲಂಬಿಸಿದೆ. ಈ ಪ್ರಬಂಧ 1956ರಲ್ಲಿ ಬೆಂಗಳೂರಿನಿಂದ ಹೊರಡುವ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಪಂಚರತ್ನಂ ಅವರಿಗೆ 22 ವರ್ಷ. ನನಗಿಂತ ಚಿಕ್ಕವರು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲವಿದ್ದು ಅವರು ಆಕ್ಸ್‌ಫರ್ಡಿಗೆ ಹೋದರು. 1969ರಲ್ಲಿ ಅಲ್ಲೇ ತೀರಿಕೊಂಡರು, 35ನೆಯ ವಯಸ್ಸಿನಲ್ಲಿ. 1984ರಲ್ಲಿ ಬ್ರಿಸ್ಟಲ್ಲಿನ ಮೈಕೇಲ್ ಬೆರಿ ಕ್ವಾಂಟಮ್ ವಿಜ್ಞಾನದಲ್ಲಿ ಇಂಥದೇ ಪ್ರದಕ್ಷಿಣೆಯ ಲೆಕ್ಕವನ್ನು ಪ್ರಕಟಿಸಿದಾಗ ಜಗತ್ತೆಲ್ಲ ಅದರ ಬಗ್ಗೆ ಮಾತಾಡಿತು. ಪಂಚರತ್ನಂ ಇದನ್ನೇ ಬೆಳಕಿನಲ್ಲಿ 28 ವರ್ಷ ಮುಂಚೆ ಕಂಡಿದ್ದರು ಎಂದು 1986ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ತೋರಿಸಿಕೊಟ್ಟವರು ರಾಜಾರಾಂ ನಿತ್ಯಾನಂದ ಮತ್ತು ಎಸ್. ರಾಮಶೇಷನ್. ಹೌದು, ವಜ್ರದ ಫ್ಯಾರಡೆ ಪರಿಣಾಮದ ಅದೇ ರಾಮಶೇಷನ್. ಬೆರಿ ದೊಡ್ಡ ಮನಸ್ಸಿನಿಂದ ಮರುವರ್ಷವೇ ಇಡೀ ಲೇಖನ ಬರೆದು ಪಂಚರತ್ನಂ ಕೆಲಸವನ್ನು ವಿವರಿಸಿದರು. ಆ ಹೊತ್ತಿಗೆ ಅದನ್ನು ಓದಲು ಪಂಚರತ್ನಂ ಇರಲಿಲ್ಲ.

ಇನ್ನು ನ್ಯಾನೊಮೀಟರ್‌ಗಳ ಲೋಕಕ್ಕೆ ಬರೋಣ. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೊಮೀಟರ್. ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಿದ್ದರೂ ಅಲೆಯ ಉದ್ದದ ಅರ್ಧಕ್ಕಿಂತ ಸಣ್ಣದನ್ನು ಬಿಡಿಸಿ ತೋರಿಸುವುದು ಕಷ್ಟ ಎಂದು 1873ರಲ್ಲೇ ಅರ್ನ್ಸ್ಟ್ ಆಬೆ ತೋರಿಸಿದ್ದ. ಇಂದಿನ ಹಾರ್ಡ್ ಡಿಸ್ಕಿನಲ್ಲಿ ಒಂದು ಬಿಟ್ ಕೆಲವು ಹತ್ತು ನ್ಯಾನೊಮೀಟರಿನಷ್ಟೇ. ನನ್ನ ಪರದೆಯ ಮೇಲೆ ಅಂಥ ಓಣಿಗಳೆಲ್ಲ ಕಲಸಿಹೋಗಿ ಮತ್ತೆ ಬೂದಾಗುತ್ತವೆ.

ಇದನ್ನು ದಾಟಲು ಒಂದು ದಾರಿ, ಅಲೆಯನ್ನೇ ಕಿರಿದು ಮಾಡುವುದು. ಕಬ್ಬಿಣದ ಪರಮಾಣುಗಳಿಗೆ ಒಗ್ಗುವ ಒಂದು ಬಗೆಯ ಎಕ್ಸ್-ರೇಯ ಅಲೆಯುದ್ದ 2 ನ್ಯಾನೊಮೀಟರಿಗಿಂತ ಕಡಿಮೆ. ಬಲಸುತ್ತಿನ ಎಕ್ಸ್-ರೇಯನ್ನೂ ಎಡಸುತ್ತಿನ ಎಕ್ಸ್-ರೇಯನ್ನೂ ಕಾಂತವು ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುತ್ತದೆ ಎಂದು 1987ರಲ್ಲಿ ಗೀಸೆಲಾ ಶ್ಯುಟ್ಸ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ಕಬ್ಬಿಣದ ಮೇಲೆ ತೋರಿಸಿದರು. ಕಂಡ ವ್ಯತ್ಯಾಸ ತೀರಾ ಸಣ್ಣದು. ಆದರೆ ಅದೇ ಎಡ ಬಲಗಳ ಭೇದ. 1993ರಲ್ಲಿ ಯೋಆಖಿಮ್ ಶ್ಟೋರ್ ಮತ್ತು ಸಂಗಡಿಗರು ಇದನ್ನು ಬಳಸಿ ಡಿಸ್ಕಿನ ಕಾಂತೀಯ ಬಿಟ್‌ಗಳ ಚಿತ್ರ ತೆಗೆದರು. ಇದರ ಸೊಗಸೆಂದರೆ, ಎಕ್ಸ್-ರೇಯ ಶಕ್ತಿಯನ್ನು ಹೊಂದಿಸಿ ಕಬ್ಬಿಣದ ಕಾಂತತ್ವ ಬೇರೆ, ಕೋಬಾಲ್ಟಿನದು ಬೇರೆ ಎಂದು ಬಿಡಿಬಿಡಿಯಾಗಿ ನೋಡಬಹುದು. ಇಂಥ ಎಕ್ಸ್-ರೇ ಹುಟ್ಟುವುದು ಸಿಂಕ್ರೊಟ್ರಾನ್ ಎಂಬ ದೊಡ್ಡ ಯಂತ್ರಗಳಲ್ಲಿ. ಅಲ್ಲಿ ಕಾಂತಗಳ ಸಾಲುಗಳನ್ನು ಅತ್ತಿತ್ತ ಸರಿಸಿ, ನಡುವೆ ಓಡುವ ಎಲೆಕ್ಟ್ರಾನುಗಳು ತಿರುಪಿನಂತೆ ಸುತ್ತುವ ಹಾಗೆ ಮಾಡುತ್ತಾರೆ. ಆಗ ಹೊರಡುವ ಬೆಳಕೂ ಸುತ್ತುತ್ತದೆ. ಕಾಂತವನ್ನು ನೋಡುವ ಬೆಳಕನ್ನು ಕಾಂತದಿಂದಲೇ ತಿರುಚುವ ಕೆಲಸ ಅದು.

ಇನ್ನೊಂದು ದಾರಿ, ಕಾಣುವ ಬೆಳಕನ್ನೇ ಅದರ ಅಲೆಗಿಂತ ಸಣ್ಣ ಜಾಗದಲ್ಲಿ ಹಿಡಿಯುವುದು. 1992ರಲ್ಲಿ ಬೆಲ್ ಲ್ಯಾಬ್ಸಿನ ಎರಿಕ್ ಬೆಟ್ಸಿಗ್ ಮತ್ತು ಸಂಗಡಿಗರು ಗಾಜಿನ ಎಳೆಯ ತುದಿಯನ್ನು ಸೂಜಿಯಂತೆ ಚೂಪು ಮಾಡಿ, ಅದನ್ನು ಕೋಬಾಲ್ಟ್-ಪ್ಲಾಟಿನಂ ಪದರಕ್ಕೆ ತೀರಾ ಹತ್ತಿರ ಹಿಡಿದು, ಆಬೆಯ ಮಿತಿಗಿಂತ ಸಣ್ಣ ಕಾಂತೀಯ ಗುರುತುಗಳನ್ನು ಬರೆದರು, ಓದಿದರು. ಅವರ ಪದರ ನನ್ನ ಪದರದ ಹಿರಿಯಕ್ಕ.

ಮೂರನೆಯ ದಾರಿ ಪಂಚರತ್ನಂ ಅವರದು. 2000ದ ದಶಕದ ಆರಂಭದಲ್ಲಿ ಇಸ್ರೇಲಿನ ಎರೆಜ್ ಹಸ್ಮನ್ ಮತ್ತು ಸಂಗಡಿಗರು ಬೆಳಕಿನ ಅಲೆಗಿಂತ ಸಣ್ಣ ಗೀರುಗಳನ್ನು ಒಂದು ಹಲಗೆಯ ಮೇಲೆ ಕೆತ್ತಿ, ಗೀರುಗಳ ದಿಕ್ಕನ್ನು ಜಾಗದಿಂದ ಜಾಗಕ್ಕೆ ತಿರುಗಿಸುತ್ತ ಹೋದರು. ಹಲಗೆಯ ಒಂದೊಂದು ಬಿಂದುವಿನಲ್ಲೂ ಬೆಳಕು ಒಂದೊಂದು ಬೇರೆ ಪ್ರದಕ್ಷಿಣೆ ಹಾಕಿ ಹೊರಬರುತ್ತದೆ. ಹೆಜ್ಜೆಗಳು ಬೇಕಾದಂತೆ ಸರಿಯುತ್ತವೆ. ಇಂಥ ಮೇಲ್ಮೈ ಬಲಸುತ್ತಿನ ಬೆಳಕನ್ನು ಒಂದು ಕಡೆಗೂ ಎಡಸುತ್ತಿನದನ್ನು ಇನ್ನೊಂದು ಕಡೆಗೂ ಕಳಿಸಬಲ್ಲದು. ಈ ಬಗೆಯ ಸಾಧನಗಳಿಗೆ ಅವರು ಕೊಟ್ಟ ಹೆಸರಿನಲ್ಲೇ ಪಂಚರತ್ನಂ ಮತ್ತು ಬೆರಿ ಇಬ್ಬರೂ ಇದ್ದಾರೆ. ಧ್ರುವೀಕರಣವನ್ನು ತಿದ್ದಲು ಒಂದು ಕಾಲದಲ್ಲಿ ಮುಷ್ಟಿಯಷ್ಟು ಹರಳು ಬೇಕಿತ್ತು, ಈಗ ಗಾಜಿನ ಮೇಲಿನ ತೆಳು ಕೆತ್ತನೆ ಸಾಕು.

ಈ ನಡುವೆ ಪ್ರಶ್ನೆ ತಿರುವುಮುರುವಾಯಿತು. ಕಾಂತವು ಬೆಳಕನ್ನು ತಿರುಗಿಸುವುದಾದರೆ ಬೆಳಕು ಕಾಂತವನ್ನು ತಿರುಗಿಸಬಾರದೇಕೆ? 2007ರಲ್ಲಿ ನೆದರ್‌ಲ್ಯಾಂಡ್ಸಿನ ನೈಮೇಖನ್ನಿನಲ್ಲಿ ಡಚ್ ಮತ್ತು ಜಪಾನೀ ವಿಜ್ಞಾನಿಗಳು, ಗ್ಯಾಡೊಲಿನಿಯಂ-ಕಬ್ಬಿಣ-ಕೋಬಾಲ್ಟ್ ಮಿಶ್ರಲೋಹದ ಮೇಲೆ 40 ಫೆಮ್ಟೊಸೆಕೆಂಡ್ ಮಾತ್ರ ಇರುವ ಲೇಸರ್ ಮಿಡಿತ ಬಿಟ್ಟರು. ಬಲಸುತ್ತಾದರೆ ಕಾಂತತ್ವ ಒಂದು ಕಡೆಗೆ, ಎಡಸುತ್ತಾದರೆ ಇನ್ನೊಂದು ಕಡೆಗೆ. ಐದು ವರ್ಷಗಳಲ್ಲಿ ಇನ್ನೊಂದು ಸಂಗತಿ ಹೊರಬಂತು: ಈ ಲೋಹ ತಿರುಗಲು ಮಿಡಿತದ ಶಾಖವೊಂದೇ ಸಾಕು, ಧ್ರುವೀಕರಣ ಇಲ್ಲದೆಯೂ ಅದು ತಿರುಗಬಲ್ಲದು. ಹಾಗಾದರೆ ಎಡ ಬಲಗಳ ಪಾತ್ರ ಎಷ್ಟು, ಯಾವ ವಸ್ತುವಿನಲ್ಲಿ ಎಷ್ಟು ಎಂಬ ಚರ್ಚೆ ಈಗಲೂ ಮುಗಿದಿಲ್ಲ. 2015ರಲ್ಲಿ ಚಿನ್ನದ ಪುಟ್ಟ ಆಂಟೆನಾಗಳಿಂದ ಲೇಸರ್ ಬೆಳಕನ್ನು ಹಿಂಡಿ, ಸುಮಾರು 50 ನ್ಯಾನೊಮೀಟರ್ ಜಾಗದ ಕಾಂತತ್ವವನ್ನಷ್ಟೇ ತಿರುಗಿಸಿದ್ದನ್ನು ಎಕ್ಸ್-ರೇಯಿಂದ ನೋಡಿದರು. ನನ್ನ ಸಂಶೋಧನೆಯೂ ಈ ಜಗಳದ ಒಂದು ಸಣ್ಣ ಮೂಲೆಯಲ್ಲಿದೆ.

ಹೊಸ ಉಪಕರಣ ಬಂದಾಗ ಹಳೆಯದು ಮೂಲೆ ಸೇರುತ್ತದೆ ಎಂದುಕೊಂಡಿದ್ದೆ. ಹಾಗಿಲ್ಲ. 2017ರಲ್ಲಿ ಅಮೆರಿಕದಲ್ಲಿ ಕ್ರೋಮಿಯಂ ಅಯೊಡೈಡ್ ಎಂಬ ಹರಳನ್ನು ಅಂಟುಪಟ್ಟಿಯಿಂದ ಪದರ ಪದರವಾಗಿ ಸುಲಿದರು. ಕೊನೆಗೆ ಉಳಿದ ಒಂದೇ ಪದರ, ಒಂದು ನ್ಯಾನೊಮೀಟರಿಗಿಂತ ತೆಳು, ಆದರೂ ಸೊನ್ನೆಗಿಂತ 228 ಡಿಗ್ರಿ ಕೆಳಗೆ ಅದು ಕಾಂತವೇ. ಎರಡು ಪದರ ಕೂಡಿದರೆ ಒಂದರ ಕಾಂತತ್ವ ಇನ್ನೊಂದನ್ನು ಅಳಿಸುತ್ತದೆ, ಮೂರಾದರೆ ಮತ್ತೆ ಬರುತ್ತದೆ. ಇದನ್ನೆಲ್ಲ ಕಂಡುಹಿಡಿದದ್ದು ಯಾವುದರಿಂದ? ಪದರಕ್ಕೆ ಬಡಿದು ಬಂದ ಬೆಳಕು ಒಂದು ಡಿಗ್ರಿಯ ಸಣ್ಣ ಭಾಗದಷ್ಟು ತಿರುಗಿದೆಯೇ ಎಂದು ನೋಡಿ. 140 ವರ್ಷ ಹಿಂದಿನ ಕೆರ್ ಮೇಷ್ಟರ ಅದೇ ಪ್ರಯೋಗ.

ನನ್ನ ಮೇಜಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಆ ಏಳು ತಿಂಗಳಲ್ಲಿ ಕೆಟ್ಟುಹೋದ 31 ಚೂರುಗಳು ಅದರಲ್ಲಿವೆ, ಒಂದೊಂದರ ಮೇಲೂ ತಾರೀಕು ಮತ್ತು ಪದರಗಳ ದಪ್ಪ ಬರೆದ ಚೀಟಿ. ಹೋದ ತಿಂಗಳು ಕೋಣೆ ಗುಡಿಸುವಾಗ ಬಿಸಾಡಲು ಎತ್ತಿಕೊಂಡಿದ್ದೆ. ಇವುಗಳಲ್ಲಿ ಯಾವುದೂ ಫ್ಯಾರಡೆಯ ಗಾಜಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಚೀಟಿಗಳನ್ನು ಒಮ್ಮೆ ಸರಿಮಾಡಿ, ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟೆ.